ಮಾಮು ಕಾರು ತರುವ ಮೊದಲು ಹಾಕಿದ ಲೆಕ್ಕ

ದಸರಾ ರಜೆಯಲ್ಲಿ ಒಂದು ರಾತ್ರಿ ಇಶಾ ನಮಾಜಿನ ನಂತರ ಸೌದಿಯಿಂದ ನನ್ನ ಮಾಮು ಫೋನ್ ಮಾಡಿದರು. ಅವರು ಒಂಬತ್ತು ವರ್ಷದಿಂದ ದಮ್ಮಾಮಿನಲ್ಲಿ ಡ್ರೈವರ್ ಆಗಿದ್ದಾರೆ. ಬರುವ ವರ್ಷ ಕೆಲಸ ಬಿಟ್ಟು ಊರಿಗೆ ಬಂದು ನೆಲೆಸುವ ವಿಚಾರ ಅವರದು. "ನನ್ನ ಕಾರನ್ನೂ ಸಂಗಡ ತರ್ತೀನಿ ಬೇಟಾ. ಇಲ್ಲಿ ಮಾರಿದ್ರ ಏನೂ ಬರಂಗಿಲ್ಲ. ಅಮ್ಮಗ ದವಾಖಾನಿಗೆ ಕರ್ಕೊಂಡು ಹೋಗಾಕ ಅದೇ ಆಗ್ತದ" ಎಂದರು.

ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ನಮ್ಮ ನಾನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಸಿಂದಗಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ವಿಜಯಪುರಕ್ಕೆ ಹೋಗುವಾಗ ಬಸ್ಸು ನಡೆಯುತ್ತದೆ. ಬರುವಾಗ ನಾನಿಗೆ ಕೂಡಲೂ ಆಗುವುದಿಲ್ಲ, ಬಾಡಿಗೆ ಗಾಡಿಯೇ ಬೇಕು. ಆ ಬಾಡಿಗೆಯ ಹಣವನ್ನು ಪ್ರತಿ ತಿಂಗಳು ಮಾಮುನೇ ಕಳಿಸುತ್ತಾರೆ.

ದಮ್ಮಾಮಿನಲ್ಲಿ ಪರಿಚಯವಾದ ಒಬ್ಬ ಏಜೆಂಟ್, "ಮುಂಬೈ ಬಂದರಿನ್ಯಾಗ ನಮ್ಮವರು ಇದ್ದಾರ, ಎಲ್ಲಾ ಮಾಡಿಕೊಡ್ತೀನಿ" ಎಂದು ಹೇಳಿ ಮಾಮುನಿಂದ 1,000 ರಿಯಾಲ್ ಟೋಕನ್ ತೆಗೆದುಕೊಂಡಿದ್ದ. ಅಂದರೆ ನಮ್ಮ ಲೆಕ್ಕದಲ್ಲಿ ಇಪ್ಪತ್ತಮೂರು ಸಾವಿರ ರೂಪಾಯಿ ಆಸುಪಾಸು. ಅದೇ ವಾರ ಇನ್ನೂ 5,000 ರಿಯಾಲ್ ಕೊಡಬೇಕಿತ್ತು. ಅದಕ್ಕೇ ಮಾಮು ನನ್ನನ್ನು ಕೇಳಿದ್ದು: "ನೀ ಕಾಮರ್ಸ್ ಓದಾಕತ್ತೀದಿ. ಕಾರು ನಮ್ಮ ಮನಿ ಮುಂದ ಬಂದು ನಿಲ್ಲೋತನ ಒಟ್ಟು ಎಷ್ಟು ಬೀಳ್ತದ, ಲೆಕ್ಕ ಹಾಕಿ ಹೇಳು."

ನಾನು ಒಂದು ವಾರ ಇದೇ ಕೆಲಸ ಮಾಡಿದೆ. ನಮ್ಮ ಅಕೌಂಟೆನ್ಸಿ ಸರ್ ಸಹಾಯ ಮಾಡಿದರು. ನಮ್ಮ ಕಾಲೇಜಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಕಡೆಯಿಂದ ಬರುವವರಿದ್ದೇವೆ. ಅಣ್ಣನೋ ಚಾಚಾನೋ ಗಲ್ಫ್‌ನಲ್ಲಿ ದುಡಿಯುತ್ತಿರುವ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ. ಇದೇ ಪ್ರಶ್ನೆ ನಾಳೆ ನಿಮ್ಮ ಮನೆಗೂ ಬರಬಹುದು. ಆದ್ದರಿಂದ ನಾನು ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ: ಸ್ಟೇರಿಂಗ್ ಯಾವ ಕಡೆ ಇದೆ?

ನಾನು ದುಡ್ಡಿನ ಲೆಕ್ಕದಿಂದ ಶುರು ಮಾಡಿದ್ದೆ. ಅದೇ ನನ್ನ ಮೊದಲ ತಪ್ಪು. ಶುರು ಮಾಡಬೇಕಾದದ್ದು ಸ್ಟೇರಿಂಗ್‌ನಿಂದ.

ಹೊರದೇಶದಿಂದ ಯಾವ ವಸ್ತು ತರಬಹುದು, ಯಾವುದು ಬಾರದು ಎಂಬ ನಿಯಮಗಳನ್ನು ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಹೊರಡಿಸುತ್ತದೆ. ಬಳಸಿದ ಕಾರಿನ ವಿಷಯದಲ್ಲಿ ಅದರ ನಿಯಮ ಸ್ಪಷ್ಟವಾಗಿದೆ. ಕಾರಿನ ಸ್ಟೇರಿಂಗ್ ಬಲಗಡೆ ಇರಬೇಕು. ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿ ಇರಬೇಕು. ಹೆಡ್‌ಲೈಟಿನ ಬೆಳಕು ಎಡಬದಿಯಲ್ಲಿ ಸಾಗುವ ಸಂಚಾರಕ್ಕೆ ತಕ್ಕಂತೆ ಬೀಳಬೇಕು.

ಸೌದಿ, ದುಬೈ, ಕತಾರ್, ಕುವೈತ್, ಒಮಾನ್, ಬಹರೇನ್ ಈ ಎಲ್ಲ ಕಡೆ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಅಲ್ಲಿನ ಕಾರುಗಳ ಸ್ಟೇರಿಂಗ್ ಎಡಗಡೆ ಇರುತ್ತದೆ. ಅಂದರೆ ನಮ್ಮ ಭಾಗದ ಜನ ಹೆಚ್ಚಾಗಿ ದುಡಿಯಲು ಹೋಗುವ ದೇಶಗಳ ಕಾರುಗಳು ಈ ಮೊದಲ ಬಾಗಿಲಲ್ಲೇ ನಿಂತುಬಿಡುತ್ತವೆ. ಮಾಮುನ ಕಾರು ಕೂಡ ಅಲ್ಲೇ ನಿಂತಿತು.

ಈ ನಿಯಮ ಬರೀ ಕಾಗದದ ಕಿರಿಕಿರಿ ಎಂದು ಮಾಮು ಮೊದಲು ಅಂದುಕೊಂಡರು. ನಾನು ಅವರಿಗೆ ನಮ್ಮದೇ ರಸ್ತೆಯನ್ನು ನೆನಪಿಸಿದೆ. ಕಬ್ಬಿನ ಹಂಗಾಮಿನಲ್ಲಿ ಸಿಂದಗಿ-ವಿಜಯಪುರ ರಸ್ತೆಯ ಮೇಲೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಮುಂದೆ ಹೋಗುತ್ತಿದೆ ಅನ್ನಿ. ನಮ್ಮ ಕಾರಿನಲ್ಲಿ ಡ್ರೈವರ್ ಬಲಗಡೆ ಕೂತಿರುತ್ತಾನೆ. ಕಾರನ್ನು ಸ್ವಲ್ಪ ಬಲಕ್ಕೆ ಸರಿಸಿದರೆ ಎದುರಿನಿಂದ ಏನು ಬರುತ್ತಿದೆ ಎಂದು ಕಾಣುತ್ತದೆ. ಸ್ಟೇರಿಂಗ್ ಎಡಗಡೆ ಇದ್ದರೆ ಡ್ರೈವರ್ ರಸ್ತೆಯ ಅಂಚಿನ ಕಡೆ ಕೂತಿರುತ್ತಾನೆ. ಎದುರಿನ ಬಸ್ಸು ಅವನಿಗೆ ಕಾಣಬೇಕಾದರೆ ಇಡೀ ಕಾರು ಎದುರಿನ ಸಾಲಿಗೆ ಹೋಗಿಬಿಟ್ಟಿರುತ್ತದೆ.

ಹೆಡ್‌ಲೈಟಿನದೂ ಇದೇ ಕಥೆ. ಡಿಪ್ ಮಾಡಿದಾಗ ಬೆಳಕು ಎರಡೂ ಕಡೆ ಒಂದೇ ಸಮ ಬೀಳುವುದಿಲ್ಲ. ರಸ್ತೆಯ ಅಂಚಿನಲ್ಲಿ ನಡೆಯುವವರು ಕಾಣಲೆಂದು ಆ ಬದಿಗೆ ಸ್ವಲ್ಪ ಮೇಲೆ ಏರಿರುತ್ತದೆ, ಎದುರು ಬರುವವರ ಬದಿಗೆ ತಗ್ಗಿರುತ್ತದೆ. ನಮ್ಮಲ್ಲಿ ಅಂಚು ಎಡಕ್ಕೆ, ಸೌದಿಯಲ್ಲಿ ಬಲಕ್ಕೆ. ಸೌದಿಯ ಕಾರನ್ನು ಹಾಗೇ ಇಲ್ಲಿ ಓಡಿಸಿದರೆ ಆ ಏರಿದ ಬೆಳಕು ನೇರ ಎದುರಿನವನ ಕಣ್ಣಿಗೆ ಹೊಡೆಯುತ್ತದೆ.

ಏಜೆಂಟ್ ಹೇಳಿದ ಒಂದು ಮಾತು ಅರ್ಧ ನಿಜ. "ಇಂಡಿಯಾದ ಕಾನೂನಿನ್ಯಾಗ ಎಡಗಡೆ ಸ್ಟೇರಿಂಗಿಗೂ ಅವಕಾಶ ಅದ" ಎಂದು ಅವನು ಹೇಳಿದ್ದ. 1988ರ ಮೋಟಾರು ವಾಹನ ಕಾಯ್ದೆಯ 120ನೇ ಸೆಕ್ಷನ್ನಿನಲ್ಲಿ, ಸರಿಯಾಗಿ ಕೆಲಸ ಮಾಡುವ ಸಿಗ್ನಲ್ ಸಾಧನ ಇಲ್ಲದ ಎಡ ಸ್ಟೇರಿಂಗ್ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಬಾರದು ಎಂದಿದೆ. ಇದನ್ನೇ ತಿರುಗಿಸಿ ಓದಿದರೆ ಸಿಗ್ನಲ್ ಇದ್ದರೆ ಓಡಿಸಬಹುದು ಎಂದಾಗುತ್ತದೆ. ಆದರೆ ಅದು ರಸ್ತೆಯ ಮೇಲೆ ಓಡಿಸುವ ಮಾತು. ದೇಶದೊಳಗೆ ಆಮದು ಮಾಡಿಕೊಳ್ಳುವುದಕ್ಕೆ ಬೇರೆ ನಿಯಮ, ಆ ನಿಯಮ ಬಲ ಸ್ಟೇರಿಂಗನ್ನೇ ಕೇಳುತ್ತದೆ. "ಇಲ್ಲಿಗೆ ಬಂದ ಮ್ಯಾಲೆ ಗ್ಯಾರೇಜಿನ್ಯಾಗ ಸ್ಟೇರಿಂಗ್ ಬದಲಿ ಮಾಡಿದ್ರ?" ಎಂದು ಮಾಮು ಕೇಳಿದರು. ಬಂದರಿನಲ್ಲೇ ಕಾರು ನಿಯಮಕ್ಕೆ ತಕ್ಕಂತೆ ಇರಬೇಕಾದ್ದರಿಂದ ಆ ಮಾತು ಬರುವುದೇ ಇಲ್ಲ. ಮೇಲಾಗಿ ಕಂಪನಿ ಕೊಟ್ಟ ಮೂಲ ರಚನೆಯನ್ನು ನಮ್ಮ ಮನಸ್ಸಿಗೆ ಬಂದಂತೆ ಬದಲಿಸುವುದನ್ನು ಅದೇ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ.

ಎರಡನೆಯ ಬಾಗಿಲು: ವಯಸ್ಸು, ಬಂದರು, ಪರೀಕ್ಷೆ

ಕೆಲವರ ಸಂಬಂಧಿಕರು ಇಂಗ್ಲೆಂಡ್, ಮಲೇಷ್ಯಾ, ಸಿಂಗಾಪುರ, ದಕ್ಷಿಣ ಆಫ್ರಿಕಾದಲ್ಲಿ ಇರಬಹುದು. ಅಲ್ಲಿ ನಮ್ಮಂತೆಯೇ ಎಡಬದಿಯ ಸಂಚಾರ, ಬಲಗಡೆ ಸ್ಟೇರಿಂಗ್. ಅವರ ಕಾರು ಮೊದಲ ಬಾಗಿಲು ದಾಟುತ್ತದೆ. ಮುಂದೆ ಇನ್ನೂ ನಾಲ್ಕು ಶರತ್ತುಗಳಿವೆ.

ಒಂದು, ಕಾರು ತಯಾರಾಗಿ ಮೂರು ವರ್ಷಕ್ಕಿಂತ ಹೆಚ್ಚು ಆಗಿರಬಾರದು. ಇಲ್ಲಿ ನೋಡುವುದು ನಾವು ಕೊಂಡ ದಿನವನ್ನಲ್ಲ, ಕಾರ್ಖಾನೆಯಲ್ಲಿ ತಯಾರಾದ ದಿನವನ್ನು. ಮಾಮು ಕಾರು ಕೊಂಡು ಎರಡು ವರ್ಷವಾಗಿದೆ, ಆದರೆ ಅದು ತಯಾರಾಗಿ ಐದು ವರ್ಷ.

ಎರಡು, ಬಳಸಿದ ಕಾರು ಮುಂಬೈ ಬಂದರಿನ ಮೂಲಕವೇ ಬರಬೇಕು. ಮಂಗಳೂರಿಗೋ ಗೋವಾಕ್ಕೋ ಇಳಿಸಿಕೊಳ್ಳುತ್ತೇನೆ ಎಂದರೆ ಆಗದು. ನಮಗೆ ಮುಂಬೈ ಸೊಲ್ಲಾಪುರ, ಪುಣೆ ಮೇಲೆ ಹಾದುಹೋಗುವ ಪರಿಚಿತ ದಾರಿಯೇ. ಆದರೆ ಕಾಗದ ಸರಿಯಾಗುವ ತನಕ ಕಾರು ಬಂದರಿನಲ್ಲಿ ನಿಲ್ಲುತ್ತದೆ, ನಿಂತಷ್ಟು ದಿನ ಬಾಡಿಗೆ ಬೆಳೆಯುತ್ತದೆ.

ಮೂರು, ಹಡಗು ಹತ್ತಿಸುವ ಮೊದಲು ಆ ದೇಶದಲ್ಲಿ ಪರೀಕ್ಷೆ ಮಾಡಿಸಿ, ಕಾರು ಭಾರತದ ಮೋಟಾರು ವಾಹನ ನಿಯಮಗಳಿಗೆ ಹೊಂದುತ್ತದೆ ಎಂಬ ಪ್ರಮಾಣಪತ್ರ ತರಬೇಕು. ಇಲ್ಲಿಗೆ ಬಂದ ಮೇಲೆ ಮತ್ತೆ ಪರೀಕ್ಷೆ. ಪುಣೆಯ ಎಆರ್‌ಎಐ ಅಥವಾ ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ವಿಆರ್‌ಡಿಇಯಂಥ ಸಂಸ್ಥೆಗಳಲ್ಲಿ ಅದು ನಡೆಯುತ್ತದೆ. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ಮಾನದಂಡ ಜಾರಿಯಲ್ಲಿದೆ. ಹೊರಗಿನ ಕಾರೂ ಅದಕ್ಕೆ ಹೊಂದಬೇಕು.

ನಾಲ್ಕು, ಕಾರು ಇನ್ನೂ ಕನಿಷ್ಠ ಐದು ವರ್ಷ ಓಡುವ ಸ್ಥಿತಿಯಲ್ಲಿದೆ, ಆ ಐದು ವರ್ಷ ಇಲ್ಲೇ ಸರ್ವಿಸ್ ಸಿಗುತ್ತದೆ ಎಂಬ ಭರವಸೆ ಕೊಡಬೇಕು. ಇದು ಸಣ್ಣ ಮಾತು ಅನಿಸುತ್ತದೆ. ಆದರೆ ಇಲ್ಲಿ ಮಾರಾಟವೇ ಆಗದ ಮಾಡೆಲ್ ತಂದರೆ ಒಂದು ಹೆಡ್‌ಲೈಟ್ ಒಡೆದರೂ ವಿದೇಶದಿಂದಲೇ ತರಿಸಬೇಕು. ಮುದ್ದೇಬಿಹಾಳದಲ್ಲೋ ಇಂಡಿಯಲ್ಲೋ ಇರುವ ಮೆಕ್ಯಾನಿಕ್ ಎಷ್ಟೇ ಜಾಣನಾದರೂ ಇಲ್ಲದ ಸಾಮಾನನ್ನು ಎಲ್ಲಿಂದ ತಂದು ಹಾಕುತ್ತಾನೆ?

ಕಾರಿನ ಬೆಲೆಯನ್ನು ನಿರ್ಧರಿಸುವವರು ಯಾರು?

ಈಗ ದುಡ್ಡಿಗೆ ಬರೋಣ. ಎಲ್ಲ ಶರತ್ತುಗಳಿಗೂ ಹೊಂದುವ, ಎರಡು ವರ್ಷ ಹಳೆಯ ಒಂದು ಕಾರು ಇದೆ ಎಂದು ಇಟ್ಟುಕೊಳ್ಳೋಣ. ಅದು ಹೊಸದಿದ್ದಾಗ ಕಂಪನಿಯ ಬೆಲೆ 12 ಲಕ್ಷ ರೂಪಾಯಿ. ಯಾರೋ ಅವಸರದಲ್ಲಿ ಮಾರುತ್ತಿದ್ದರಿಂದ ನಮಗೆ 6 ಲಕ್ಷಕ್ಕೆ ಸಿಕ್ಕಿತು. ಸುಂಕ ಈ 6 ಲಕ್ಷದ ಮೇಲೆ ಬೀಳುತ್ತದೆಯೇ?

ಇಲ್ಲ. ಬಳಸಿದ ಕಾರಿಗೆ ನಾವು ತೋರಿಸಿದ ರಸೀದಿಯ ಬೆಲೆಯನ್ನೇ ಕಸ್ಟಮ್ಸ್ ಒಪ್ಪಬೇಕೆಂದಿಲ್ಲ. ಅಲ್ಲಿ ಬಹಳ ವರ್ಷಗಳಿಂದ ನಡೆದುಬಂದ ಪದ್ಧತಿಯೆಂದರೆ, ಕಾರು ಹೊಸದಿದ್ದಾಗಿನ ಕಂಪನಿ ಬೆಲೆ ಹಿಡಿದು ಅದರಲ್ಲಿ ಸವಕಳಿ ಕಳೆಯುವುದು. ನಾವು ಮೊದಲ ಪಿಯುಸಿಯಲ್ಲಿ ಓದಿದ ಅದೇ ಸವಕಳಿ. ಮೊದಲ ವರ್ಷ ಮೂರು ತಿಂಗಳಿಗೆ ಶೇ 4ರಂತೆ, ಎರಡನೆಯ ವರ್ಷ ಶೇ 3ರಂತೆ, ಮೂರನೆಯ ವರ್ಷ ಶೇ 2.5ರಂತೆ. ಪ್ರತಿ ಸಲವೂ ಮೂಲ ಬೆಲೆಯ ಮೇಲೆಯೇ ಲೆಕ್ಕ.

ಎರಡು ವರ್ಷಕ್ಕೆ 16 ಮತ್ತು 12, ಒಟ್ಟು ಶೇ 28. ಅಂದರೆ 12 ಲಕ್ಷದಲ್ಲಿ 3.36 ಲಕ್ಷ ಕಳೆಯಿತು, 8.64 ಲಕ್ಷ ಉಳಿಯಿತು. ನಾವು ಕೊಟ್ಟದ್ದು 6 ಲಕ್ಷವಾದರೂ ಲೆಕ್ಕಕ್ಕೆ ಹಿಡಿಯುವುದು 8.64 ಲಕ್ಷ. ನಾವು ಚೌಕಾಸಿ ಮಾಡಿ ಉಳಿಸಿದ ಹಣ ಸುಂಕದ ಮೇಜಿನ ಮುಂದೆ ಲೆಕ್ಕಕ್ಕಿಲ್ಲ.

ಇದಕ್ಕೆ ಹಡಗಿನ ಬಾಡಿಗೆ ಮತ್ತು ವಿಮೆ ಸೇರಿಸುತ್ತಾರೆ. ಲೆಕ್ಕ ಸುಲಭವಾಗಲೆಂದು ಅವೆರಡೂ ಸೇರಿ 1.36 ಲಕ್ಷ ಎಂದು ಹಿಡಿದಿದ್ದೇನೆ. ಒಟ್ಟು 10 ಲಕ್ಷ. ಬೆಲೆ, ವಿಮೆ, ಸಾಗಣೆ ಮೂರೂ ಸೇರಿದ ಈ ಮೊತ್ತಕ್ಕೆ ಸಿಐಎಫ್ ಬೆಲೆ ಎನ್ನುತ್ತಾರೆ. ಸುಂಕ ಬೀಳುವುದು ಇದರ ಮೇಲೆ.

10 ಲಕ್ಷ 33 ಲಕ್ಷವಾಗುವ ಬಗೆ

2025ರ ಫೆಬ್ರುವರಿ ಬಜೆಟ್ ಬಂದಾಗ ಕಾರಿನ ಸುಂಕ ಇಳಿಯಿತು ಎಂದು ಸುದ್ದಿಯಾಯಿತು. ಬಳಸಿದ ಕಾರಿನ ಮೂಲ ಸುಂಕ ಶೇ 125ರಿಂದ ಶೇ 70ಕ್ಕೆ ಇಳಿದದ್ದು ನಿಜ. ಮಾಮುನ ಏಜೆಂಟ್ ಹೇಳಿದ್ದೂ ಇದನ್ನೇ. ಆದರೆ ಅದೇ ದಿನ ಶೇ 67.5ರಷ್ಟು ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್ ಸೇರಿಸಿದರು. ಹಿಂದೆ ಶೇ 125ರ ಜೊತೆ ಶೇ 12.5ರ ಸಮಾಜ ಕಲ್ಯಾಣ ಸರ್‌ಚಾರ್ಜ್ ಇತ್ತು, ಒಟ್ಟು ಶೇ 137.5. ಈಗ 70 ಮತ್ತು 67.5 ಕೂಡಿಸಿ ನೋಡಿ, ಅದೇ ಶೇ 137.5. ಹೆಸರು ಬದಲಾಯಿತು, ಮೊತ್ತ ಬದಲಾಗಲಿಲ್ಲ.

ಇದಾದ ಮೇಲೆ ಐಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಮೀರದ ಸಣ್ಣ ಕಾರಿಗೆ ಶೇ 18, ಅದಕ್ಕಿಂತ ದೊಡ್ಡ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ 40. ಗಮನಿಸಬೇಕಾದ ಮಾತೆಂದರೆ ಇದು ಬರೀ 10 ಲಕ್ಷದ ಮೇಲಲ್ಲ, ಸುಂಕ ಸೇರಿದ ಮೊತ್ತದ ಮೇಲೆ ಬೀಳುತ್ತದೆ. ತೆರಿಗೆಯ ಮೇಲೆ ತೆರಿಗೆ. ನಮ್ಮ ಉದಾಹರಣೆಯ ಕಾರು ದೊಡ್ಡದು ಎಂದು ಹಿಡಿದರೆ ಲೆಕ್ಕ ಹೀಗೆ:

ಸಿಐಎಫ್ ಬೆಲೆ: 10,00,000
ಮೂಲ ಕಸ್ಟಮ್ಸ್ ಸುಂಕ (ಶೇ 70): 7,00,000
ಕೃಷಿ ಸೆಸ್ (ಶೇ 67.5): 6,75,000
ಇಲ್ಲಿಯವರೆಗೆ: 23,75,000
ಐಜಿಎಸ್‌ಟಿ (23,75,000ದ ಮೇಲೆ ಶೇ 40): 9,50,000
ಒಟ್ಟು: 33,25,000

ಸಣ್ಣ ಕಾರಾದರೆ ಐಜಿಎಸ್‌ಟಿ 4,27,500 ಆಗಿ ಒಟ್ಟು 28,02,500 ಆಗುತ್ತದೆ. ಇದರಲ್ಲಿ ಪರೀಕ್ಷೆಯ ಶುಲ್ಕ, ಬಂದರಿನ ಬಾಡಿಗೆ, ಕಸ್ಟಮ್ಸ್ ಬ್ರೋಕರ್ ಹಣ ಯಾವುದೂ ಸೇರಿಲ್ಲ.

ಕಾರು ಮನೆ ಮುಂದೆ ನಿಲ್ಲಬೇಕಾದರೆ ವಿಜಯಪುರದ ಆರ್‌ಟಿಒದಲ್ಲಿ ಕೆಎ-28 ನಂಬರ್ ಸಿಗಬೇಕು. ಅದಕ್ಕೆ ಕಸ್ಟಮ್ಸ್ ಕೊಡುವ ಬಿಲ್ ಆಫ್ ಎಂಟ್ರಿ ಬೇಕೇಬೇಕು. ಕರ್ನಾಟಕದ ಜೀವಿತಾವಧಿ ತೆರಿಗೆಯೂ ಇದೆ. ಹೊಸದಾಗಿ ನೋಂದಣಿಯಾಗುವ, 20 ಲಕ್ಷ ಮೀರಿದ ಕಾರಿಗೆ ಅದು ಶೇ 18, ಮೇಲೆ ಸೆಸ್ ಬೇರೆ. ಆಮದು ಕಾರಿನ ಬೆಲೆ ಎಂದರೆ ಸುಂಕ ಸೇರಿದ ಬೆಲೆ. ಆದ್ದರಿಂದ 33 ಲಕ್ಷಕ್ಕೆ ಇನ್ನೂ ಐದಾರು ಲಕ್ಷ ಸೇರುತ್ತದೆ ಎಂದು ಇಟ್ಟುಕೊಳ್ಳಬೇಕು.

ಹೊಸದಿದ್ದಾಗ 12 ಲಕ್ಷ ಇದ್ದ ಕಾರು, ಎರಡು ವರ್ಷ ಹಳೆಯದಾಗಿ, 38 ಲಕ್ಷದ ಮೇಲೆ ಬಿತ್ತು. ಈ ಲೆಕ್ಕವನ್ನು ನಾನು ಸರ್‌ಗೆ ತೋರಿಸಿದಾಗ ಅವರು ಎರಡು ಸಲ ಕೂಡಿಸಿ ನೋಡಿದರು. ತಪ್ಪಿರಲಿಲ್ಲ.

ಇಷ್ಟು ಸುಂಕ ಯಾಕೆ?

ಇದು ಅನ್ಯಾಯ ಎಂದು ನನಗೂ ಅನಿಸಿತು. ಸರ್ ಇನ್ನೊಂದು ಮುಖ ತೋರಿಸಿದರು. 2001ರ ಏಪ್ರಿಲ್‌ವರೆಗೆ ಇಂಥ ಎಷ್ಟೋ ವಸ್ತುಗಳ ಆಮದಿಗೆ ಸರ್ಕಾರ ನೇರ ನಿರ್ಬಂಧ ಇಟ್ಟಿತ್ತು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅಮೆರಿಕ ತಂದ ದಾವೆಯಲ್ಲಿ ಭಾರತ ಸೋತ ಮೇಲೆ ಆ ನಿರ್ಬಂಧಗಳನ್ನು ತೆಗೆಯಬೇಕಾಯಿತು. ಬಾಗಿಲು ತೆರೆದರೆ ಹೊರದೇಶದ ಹಳೆಯ ಕಾರುಗಳು ರಾಶಿ ರಾಶಿ ಬಂದು ಬೀಳುತ್ತವೆ, ಇಲ್ಲಿನ ಕಾರ್ಖಾನೆಗಳ ಕೆಲಸಕ್ಕೆ ಪೆಟ್ಟು ಬೀಳುತ್ತದೆ ಎಂಬ ಭಯ ಇತ್ತು. ಅದಕ್ಕೇ ಬಾಗಿಲು ತೆರೆದರೂ ಹೊಸ್ತಿಲನ್ನು ಎತ್ತರಿಸಿದರು.

ಬೇರೆ ದೇಶಗಳು ಬೇರೆ ದಾರಿ ಹಿಡಿದಿವೆ. ಕೀನ್ಯಾದಲ್ಲಿ ಎಂಟು ವರ್ಷದವರೆಗಿನ ಬಳಸಿದ ಕಾರು ತರಬಹುದು. ಅಲ್ಲಿನ ರಸ್ತೆಗಳಲ್ಲಿ ಓಡುವ ಬಹಳಷ್ಟು ಕಾರು ಜಪಾನಿನಲ್ಲಿ ಬಳಸಿ ಬಿಟ್ಟವು. ಬಾಂಗ್ಲಾದೇಶದಲ್ಲೂ ಜಪಾನಿನ ಬಳಸಿದ ಕಾರಿನ ದೊಡ್ಡ ವ್ಯಾಪಾರವಿದೆ. ಮೊಬೈಲಿನಲ್ಲಿ ನಾವು ನೋಡುವ "ಜಪಾನ್ ಕಾರು ಮೂರು ಲಕ್ಷಕ್ಕೆ" ಎಂಬಂಥ ವಿಡಿಯೋಗಳ ಬೆಲೆ ಅಂಥ ದೇಶದ ಗಿರಾಕಿಗಳಿಗೆ ಹೊಂದೀತು, ನಮಗಲ್ಲ. ನೋಡುವಾಗ ಇದು ಯಾವ ದೇಶದ ನಿಯಮ ಎಂದು ಕೇಳಿಕೊಳ್ಳಬೇಕು.

"ಬೇರೆ ದಾರಿ" ಎಂದು ಹೇಳುವವರು

ಲೆಕ್ಕ ಕೇಳಿದ ಮೇಲೂ ಮಾಮು ಸುಮ್ಮನಾಗಲಿಲ್ಲ. ಅವರ ರೂಮಿನ ಗೆಳೆಯರು ಹೇಳಿದ ದಾರಿಗಳನ್ನೆಲ್ಲ ಒಂದೊಂದಾಗಿ ಕೇಳಿದರು. ಎಲ್ಲ ಕಡೆ ಇವೇ ಮಾತು ಓಡಾಡುತ್ತವೆ. ಆದ್ದರಿಂದ ಉತ್ತರವನ್ನೂ ಬರೆಯುತ್ತೇನೆ.

"ಕಾಯಂ ವಾಪಸ್ ಬರೋರಿಗೆ ಮಾಫಿ ಅದಂತ?" ವಾಪಸ್ ಬರುವವರಿಗೆ ಮನೆ ಸಾಮಾನಿನ ಮೇಲೆ ರಿಯಾಯಿತಿ ಇದೆ, ಆದರೆ ವಾಹನ ಆ ಬ್ಯಾಗೇಜಿನ ಲೆಕ್ಕಕ್ಕೆ ಬರುವುದಿಲ್ಲ. ಎರಡು ವರ್ಷ ಸತತ ಹೊರಗಿದ್ದು ಕಾಯಂ ಆಗಿ ಮರಳುವವರು, ಕನಿಷ್ಠ ಒಂದು ವರ್ಷ ತಮ್ಮ ಬಳಿ ಇದ್ದ ಕಾರನ್ನು ತರಲು ಆಮದು ನೀತಿಯಲ್ಲಿ ಪ್ರತ್ಯೇಕ ಅವಕಾಶ ಇದೆ. ಅದು ತರಲು ಅನುಮತಿಯಷ್ಟೇ, ಸುಂಕದ ಮಾಫಿ ಅಲ್ಲ. ಬಲ ಸ್ಟೇರಿಂಗಿನ ಮಾತು ಅಲ್ಲೂ ತಪ್ಪುವುದಿಲ್ಲ.

"ಗಿಫ್ಟ್ ಅಂತ ತೋರಿಸಿದ್ರ?" ಗಿಫ್ಟಿಗೂ ಸುಂಕ ಇದೆ. 2002ರಲ್ಲಿ ಸಚಿನ್ ತೆಂಡೂಲ್ಕರ್ ಅವರು ಬ್ರಾಡ್ಮನ್ನರ 29 ಟೆಸ್ಟ್ ಶತಕಗಳನ್ನು ಸರಿಗಟ್ಟಿದಾಗ ಅವರಿಗೆ ಫೆರಾರಿ ಕಾರು ಉಡುಗೊರೆಯಾಗಿ ಬಂತು. ಅದರ ಸುಂಕ ಸುಮಾರು 1.13 ಕೋಟಿ ರೂಪಾಯಿ. ಸರ್ಕಾರ ಅದನ್ನು ಮಾಫಿ ಮಾಡಲು ಹೊರಟಾಗ ದೇಶದಲ್ಲಿ ಟೀಕೆ ಎದ್ದಿತು, ವಿಷಯ ಕೋರ್ಟಿಗೂ ಹೋಯಿತು. ಕೊನೆಗೆ ಫಿಯಟ್ ಕಂಪನಿಯೇ ಸುಂಕ ಕಟ್ಟಿತು. ಸಚಿನ್ ಅವರ ಕಾರಿಗೇ ಬಿಡದ ಸುಂಕ ನಮಗೆ ಬಿಡುತ್ತದೆಯೇ?

"ಕೇರಳದಾಗ ದುಬೈ ನಂಬರಿನ ಗಾಡಿ ಓಡ್ತಾವಲ್ಲ?" ಅವು ಕಾರ್ನೆ ಎಂಬ ಪತ್ರದ ಮೇಲೆ ತಾತ್ಕಾಲಿಕವಾಗಿ ಬಂದವು. ಹೊರದೇಶದಲ್ಲಿ ನೆಲೆಸಿದವರು ಪ್ರವಾಸಕ್ಕೆಂದು ಸುಂಕ ಕಟ್ಟದೆ ಕಾರು ತಂದು ಆರು ತಿಂಗಳೊಳಗೆ ಮರಳಿ ಒಯ್ಯುವ ವ್ಯವಸ್ಥೆ ಅದು. ಆ ಕಾರನ್ನು ಇಲ್ಲಿ ಮಾರುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಊರಿಗೆ ಬಂದು ನೆಲೆಸುವವರಿಗೆ ಅದು ಉಪಯೋಗವಿಲ್ಲ.

"ಬಿಲ್ಲಿನ್ಯಾಗ ಬೆಲಿ ಕಡಿಮಿ ಬರಸಿದ್ರ?" ಮೇಲೆ ಹೇಳಿದಂತೆ ಬಿಲ್ಲಿನ ಬೆಲೆಯನ್ನು ಕಸ್ಟಮ್ಸ್ ನಂಬಬೇಕೆಂದಿಲ್ಲ. ಸಿಕ್ಕಿಬಿದ್ದರೆ ಕಾರೂ ಜಪ್ತಿ, ದಂಡವೂ ಬೇರೆ. ಈ ಪ್ರಶ್ನೆಗೆ ನಾನು ಉತ್ತರ ಕೊಡುವ ಮೊದಲೇ ಅಬ್ಬಾ ಫೋನ್ ತೆಗೆದುಕೊಂಡು, "ಅಳತಿ-ತೂಕದಾಗ ಸುಳ್ಳು ಹೇಳಬಾರದು ಅಂತ ನಮಗ ಕಲಿಸ್ಯಾರ. ಒಂಬತ್ತು ವರ್ಷ ಹಲಾಲ್ ದುಡಿದೀಯ, ಕೊನೀಗೆ ಸುಳ್ಳು ಕಾಗದದ ಗಾಡಿ ತರಬ್ಯಾಡ" ಎಂದರು. ಮಾಮು ಆ ಮಾತಿಗೆ ಎದುರಾಡಲಿಲ್ಲ.

ಕೊನೆಯದು ಎಲ್ಲಕ್ಕಿಂತ ಅಪಾಯದ್ದು. ಹೊರದೇಶದ ದೊಡ್ಡ ಕಾರುಗಳನ್ನು ಅರ್ಧ ಬೆಲೆಗೆ "ಎಲ್ಲಾ ಪೇಪರ್ ಸಮೇತ" ಕೊಡುತ್ತೇವೆ ಎಂಬ ಸಂದೇಶಗಳು ವಾಟ್ಸ್‌ಆ್ಯಪಿನಲ್ಲಿ ಬರುತ್ತವೆ. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಇಲಾಖೆ "ಆಪರೇಷನ್ ನುಮ್‌ಖೋರ್" ಎಂಬ ಕಾರ್ಯಾಚರಣೆ ನಡೆಸಿ 30ಕ್ಕೂ ಹೆಚ್ಚು ವಾಹನಗಳನ್ನು ವಶಕ್ಕೆ ತೆಗೆದುಕೊಂಡಿತು. ಸುಂಕ ಕಟ್ಟದೆ ಭೂತಾನಿನ ಮೂಲಕ ತಂದು, ಸುಳ್ಳು ದಾಖಲೆಗಳಿಂದ ನೋಂದಣಿ ಮಾಡಿಸಿದ ಬಳಸಿದ ಕಾರುಗಳು ಇವು ಎಂಬುದು ಇಲಾಖೆಯ ಆರೋಪ. ಭೂತಾನಿ ಭಾಷೆಯಲ್ಲಿ ನುಮ್‌ಖೋರ್ ಎಂದರೆ ವಾಹನ. ಅಂಥ ಕಾರನ್ನು ಹಣ ಕೊಟ್ಟು ಕೊಂಡವರ ಮನೆಗೂ ಅಧಿಕಾರಿಗಳು ಬಂದರು. ನಾವು ಮೂರನೆಯ, ನಾಲ್ಕನೆಯ ಮಾಲೀಕರಾದರೂ ತೊಂದರೆ ತಪ್ಪುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ನಾವು ಮಾಮುಗೆ ಹೇಳಿದ್ದು ಇಷ್ಟೇ: ಕಾರನ್ನು ಅಲ್ಲೇ ಮಾರಿರಿ, ಹಣವನ್ನು ಬ್ಯಾಂಕಿನ ಮೂಲಕ ಕಳಿಸಿರಿ, ಕಾರನ್ನು ಇಲ್ಲಿ ಕೊಳ್ಳಿರಿ. ಬಡ್ಡಿಯ ಸಾಲ ಮಾಡಬಾರದು ಎಂಬುದು ಮಾಮುನ ಹಠ. ಕಾರು ಮಾರಿದ ಹಣಕ್ಕೆ ಉಳಿತಾಯ ಸೇರಿಸಿದರೆ ಸಾಲವಿಲ್ಲದೆ ಒಂದು ಸಣ್ಣ ಕಾರು ಬರುತ್ತದೆ. ಸಣ್ಣ ಕಾರಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇ 28ರಿಂದ ಶೇ 18ಕ್ಕೆ ಇಳಿದು, ಮೇಲಿನ ಸೆಸ್ಸೂ ಹೋದದ್ದರಿಂದ ಇಲ್ಲಿ ಕೊಳ್ಳುವವರಿಗೆ ಅನುಕೂಲವೇ ಆಗಿದೆ.

ಸೆಕೆಂಡ್ ಹ್ಯಾಂಡೇ ಬೇಕೆಂದರೆ ನಮಗೆ ಹತ್ತಿರದ "ಹೊರದೇಶ" ಸೊಲ್ಲಾಪುರ! ಇಂಡಿ ಕಡೆಯವರು ಅಲ್ಲಿಂದ ಎಂಎಚ್-13 ಗಾಡಿ ತರುವ ವಿಚಾರ ಮಾಡುವುದುಂಟು. ಅದಕ್ಕೂ ಲೆಕ್ಕ ಇದೆ. ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಮೇಲೆ ಎನ್‌ಒಸಿ ತರಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಕರ್ನಾಟಕದ ನಂಬರ್ ಪಡೆಯಬೇಕು. ಕಾರಿನ ವಯಸ್ಸಿಗೆ ತಕ್ಕಂತೆ ಇಲ್ಲಿನ ಜೀವಿತಾವಧಿ ತೆರಿಗೆ ಕಟ್ಟಬೇಕು. ಸೊಲ್ಲಾಪುರದ ಬೆಲೆ ಅಗ್ಗ ಎಂದು ಹೇಳುವ ಮೊದಲು ಈ ತೆರಿಗೆಯನ್ನು ಕೂಡಿಸಿ ನೋಡಿರಿ. ಆರ್‌ಸಿಯಲ್ಲಿ ಸಾಲದ ನಮೂದು ಇದೆಯೇ, ದಂಡದ ಚಲನ್ ಬಾಕಿ ಇವೆಯೇ, ಚಾಸಿ ನಂಬರ್ ಹೊಂದುತ್ತದೆಯೇ ಎಂದೂ ನೋಡಬೇಕು.

ಇಷ್ಟರ ಮೇಲೂ ಯಾರಾದರೂ ಹೊರದೇಶದಿಂದಲೇ ತರುತ್ತೇನೆ ಎಂದರೆ, ಒಂದು ರೂಪಾಯಿ ಟೋಕನ್ ಕೊಡುವ ಮೊದಲು ಈ ಐದು ಪ್ರಶ್ನೆ ಕೇಳಲು ಹೇಳಿರಿ:

1. ಸ್ಟೇರಿಂಗ್ ಬಲಗಡೆ ಇದೆಯೇ?
2. ತಯಾರಾಗಿ ಮೂರು ವರ್ಷದೊಳಗೆ ಇದೆಯೇ?
3. ಹೊಸದಿದ್ದಾಗ ಕಂಪನಿ ಬೆಲೆ ಎಷ್ಟಿತ್ತು? ಸವಕಳಿ ಕಳೆದರೆ ಎಷ್ಟು ಉಳಿಯುತ್ತದೆ?
4. ಆ ಮೊತ್ತಕ್ಕೆ ಹಡಗಿನ ಬಾಡಿಗೆ, ವಿಮೆ ಸೇರಿಸಿದರೆ ಬರುವ ಸಿಐಎಫ್ ಬೆಲೆಯ ಮೂರೂ ಕಾಲು ಪಟ್ಟಿಗಿಂತ ಹೆಚ್ಚು ಹಣ ನಮ್ಮಲ್ಲಿ ಇದೆಯೇ?
5. ಆ ಮಾಡೆಲಿನ ಸಾಮಾನು, ಸರ್ವಿಸ್ ನಮ್ಮ ಜಿಲ್ಲೆಯಲ್ಲಿ ಸಿಗುತ್ತದೆಯೇ?

ಒಂದಕ್ಕೆ "ಇಲ್ಲ" ಎಂದು ಬಂದರೂ ಅಲ್ಲಿಗೆ ಬಿಡುವುದು ಒಳ್ಳೆಯದು. ದರಗಳು ಬಜೆಟ್ಟಿನಲ್ಲಿ ಬದಲಾಗುತ್ತವೆ. ಆದ್ದರಿಂದ ನಾನು ಬರೆದ ಶೇಕಡಾವಾರು ಅಂಕಿಗಳನ್ನು ಆ ಹೊತ್ತಿಗೆ ಮತ್ತೊಮ್ಮೆ ನೋಡಿಕೊಳ್ಳಿರಿ. ಲೆಕ್ಕ ಹಾಕುವ ಕ್ರಮ ಮಾತ್ರ ಇದೇ.

ಮಾಮು ಆ 5,000 ರಿಯಾಲ್ ಕೊಡಲಿಲ್ಲ. ಮೊದಲು ಕೊಟ್ಟ 1,000 ರಿಯಾಲ್ ಇನ್ನೂ ವಾಪಸ್ ಬಂದಿಲ್ಲ. ಏಜೆಂಟ್ ಈಗ ಫೋನ್ ಎತ್ತುತ್ತಿಲ್ಲ. "ಫೀಸು ಕೊಟ್ಟು ಪಾಠ ಕಲ್ತೆ ಅನ್ಕೋತೀನಿ" ಎಂದು ಮಾಮು ನಕ್ಕರು. ಆದರೆ ಆ ಸಾವಿರ ರಿಯಾಲ್ ಎಂದರೆ ನಾನಿಯನ್ನು ವಿಜಯಪುರದಿಂದ ಕರೆತರುವ ಎಷ್ಟೋ ದಿನಗಳ ಬಾಡಿಗೆ ಎಂಬುದು ಅವರಿಗೂ ಗೊತ್ತು, ನಮಗೂ ಗೊತ್ತು.

ಗಲ್ಫ್‌ನಲ್ಲಿ ಇರುವವರು ಹಗಲೆಲ್ಲ ಬಿಸಿಲಿನಲ್ಲಿ ದುಡಿಯುತ್ತಾರೆ. ಕೂತು ನಿಯಮ ಓದಲು ಅವರಿಗೆ ಪುರಸೊತ್ತಿಲ್ಲ. ಓದುವ ಪುರಸೊತ್ತು ಇರುವವರು ನಾವು, ಅದಕ್ಕೆಂದೇ ಅವರು ನಮ್ಮನ್ನು ಕಾಲೇಜಿಗೆ ಕಳಿಸಿದ್ದಾರೆ. ನಿಮ್ಮ ಮನೆಯವರು ಯಾರಾದರೂ ಕಾರಿನ ಮಾತು ತೆಗೆದರೆ ನಾಚಿಕೊಳ್ಳದೆ ನೋಟ್‌ಬುಕ್ ತೆರೆದು ಲೆಕ್ಕ ಹಾಕಿ ತೋರಿಸಿರಿ. ಟೋಕನ್ ಕೊಡುವ ಮೊದಲು ತೋರಿಸಿರಿ. ನಾನು ಒಂದು ವಾರ ಮೊದಲೇ ತೋರಿಸಿದ್ದರೆ ಆ ಸಾವಿರ ರಿಯಾಲೂ ಉಳಿಯುತ್ತಿತ್ತು.